ಮನೆ ಕೆಲಸದ ಮೋಸ, ಮನೆ ಖರ್ಚಿನ ಪೆಟ್ಟು: ಎರಡೂ ಬರುವ ಬಾಗಿಲು ಒಂದೇ

ಮೇಜಿನ ಮೇಲೆ ಎರಡು ಗ್ಲಾಸ್. ಒಂದರಲ್ಲಿ ಮನೆಯ ನಲ್ಲಿ ನೀರು. ಇನ್ನೊಂದರಲ್ಲಿ ವಾಟರ್ ಫಿಲ್ಟರ್ ಮಾರಲು ಬಂದವನು ತಂದ ಬಾಟಲಿ ನೀರು. ನೋಡಲು ಎರಡೂ ಒಂದೇ ಥರ ತಿಳಿಯಾಗಿವೆ. ಅವನು ಲೋಹದ ಕಡ್ಡಿಗಳಿರುವ ಚಿಕ್ಕ ಯಂತ್ರವೊಂದನ್ನು ಎರಡಕ್ಕೂ ಇಳಿಬಿಟ್ಟು ಸ್ವಿಚ್ ಹಾಕುತ್ತಾನೆ. ಸ್ವಲ್ಪ ಹೊತ್ತಿಗೆ ನಲ್ಲಿ ನೀರು ಹಳದಿಗೆ ತಿರುಗುತ್ತದೆ. ಆಮೇಲೆ ಕಂದಾಗುತ್ತದೆ. ಕೊನೆಗೆ ಚರಂಡಿ ನೀರಿನ ಹಾಗೆ ಗಸಿಗಟ್ಟಿ ನಿಲ್ಲುತ್ತದೆ. ಬಾಟಲಿ ನೀರು ಮಾತ್ರ ಇದ್ದ ಹಾಗೇ ಇದೆ. "ಇದನ್ನೇ ಅಲ್ವಾ ಮೇಡಂ, ಮಕ್ಕಳಿಗೆ ದಿನಾ ಕೊಡ್ತಿರೋದು?" ಅಂತ ಅವನು ಮೆತ್ತಗೆ ಕೇಳುತ್ತಾನೆ. ಆ ಕ್ಷಣದಲ್ಲಿ ಯಾವ ತಾಯಿಗೆ ಹೊಟ್ಟೆಯಲ್ಲಿ ಕಸಿವಿಸಿ ಆಗದೆ ಇರುತ್ತದೆ?

ಆ ಕಂದು ಬಣ್ಣ ನೀರಿನ ಕೊಳೆಯಲ್ಲ. ಅದು ಕಡ್ಡಿಯ ತುಕ್ಕು. ಕಬ್ಬಿಣದ ಕಡ್ಡಿಯಲ್ಲಿ ಕರೆಂಟ್ ಹರಿದಾಗ ಕಬ್ಬಿಣವೇ ಕರಗಿ ನೀರಿಗೆ ಬರುತ್ತದೆ, ತುಕ್ಕಾಗಿ ಗಸಿ ಕಟ್ಟುತ್ತದೆ. ಕರೆಂಟ್ ಹರಿಯಬೇಕಾದರೆ ನೀರಿನಲ್ಲಿ ಉಪ್ಪಿನಂಶ, ಖನಿಜ ಇರಬೇಕು. ನಲ್ಲಿ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಹಜವಾಗಿಯೇ ಇರುತ್ತವೆ. ಫಿಲ್ಟರ್ ಮಾಡಿದ ಬಾಟಲಿ ನೀರಿನಲ್ಲಿ ಅವು ತೀರಾ ಕಡಿಮೆ. ಅದಕ್ಕೇ ಅಲ್ಲಿ ಏನೂ ಆಗುವುದಿಲ್ಲ. ಅನುಮಾನ ಇದ್ದರೆ ಒಳಗೆ ಹೋಗಿ ಒಂದು ಚಿಟಿಕೆ ಅಡುಗೆ ಉಪ್ಪು ತಂದು ಆ 'ಶುದ್ಧ' ನೀರಿಗೆ ಹಾಕಿ. ಎರಡು ಗ್ಲಾಸಿನ ಕಡ್ಡಿಗಳನ್ನು ಅದಲು ಬದಲು ಮಾಡಲು ಹೇಳಿ, ಯಾಕೆಂದರೆ ಕೆಲವು ಯಂತ್ರಗಳಲ್ಲಿ ಕಡ್ಡಿಯ ಲೋಹವೇ ಬೇರೆ ಇರುತ್ತದೆ. ಮತ್ತೆ ಸ್ವಿಚ್ ಹಾಕಿಸಿ. ಬಾಟಲಿ ನೀರೂ ಕಂದಾಗುತ್ತದೆ.

ಅವನ ಕೈಯಲ್ಲಿರುವ ಟಿಡಿಎಸ್ ಮೀಟರ್ ಕಥೆಯೂ ಹೆಚ್ಚುಕಡಿಮೆ ಇದೇ. ನೀರಿನಲ್ಲಿ ಕರೆಂಟ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂದು ಅಳೆದು, ಅದರಿಂದ ಕರಗಿದ ಲವಣ ಎಷ್ಟಿರಬಹುದು ಎಂದು ಅಂದಾಜು ಮಾಡುತ್ತದೆ, ಅಷ್ಟೇ. ವಿಶ್ವ ಆರೋಗ್ಯ ಸಂಸ್ಥೆ ತನ್ನ ಕುಡಿಯುವ ನೀರಿನ ಮಾರ್ಗಸೂಚಿಯಲ್ಲಿ ಟಿಡಿಎಸ್‌ಗೆ ಆರೋಗ್ಯದ ದೃಷ್ಟಿಯ ಮಿತಿಯನ್ನೇ ಇಟ್ಟಿಲ್ಲ. ಅಲ್ಲಿರುವುದು ರುಚಿಯ ಮಾತು: ಲೀಟರಿಗೆ ಸುಮಾರು 600 ಮಿಲಿಗ್ರಾಂ ಒಳಗಿದ್ದರೆ ರುಚಿ ಚೆನ್ನಾಗಿರುತ್ತದೆ, 1,000 ದಾಟಿದರೆ ಕುಡಿಯಲು ಹಿತವಾಗಿರುವುದಿಲ್ಲ. ನಿಜವಾಗಿ ಹೆದರಬೇಕಾದ ರೋಗಾಣುಗಳನ್ನು ಆ ಮೀಟರ್ ಕಾಣುವುದೇ ಇಲ್ಲ. ಟಿಡಿಎಸ್ 50 ಇರುವ ನೀರಿನಲ್ಲೂ ಭೇದಿ ಬರಿಸುವ ಬ್ಯಾಕ್ಟೀರಿಯಾ ಇರಬಹುದು. ನೀರಿನ ಬಗ್ಗೆ ಅನುಮಾನ ಇದ್ದರೆ ಮಾಡಬೇಕಾದ್ದು ಲ್ಯಾಬ್ ಪರೀಕ್ಷೆ. ಅದೂ ಫಿಲ್ಟರ್ ಮಾರದ ಲ್ಯಾಬಿನಲ್ಲಿ.

ಈ ಎರಡು ಗ್ಲಾಸಿನ ಕಥೆಯನ್ನು ಇಷ್ಟು ಉದ್ದಕ್ಕೆ ಹೇಳಿದ್ದಕ್ಕೆ ಕಾರಣ ಇದೆ. ಮನೆಯವರಿಗೆ ಆಗುವ ಎಷ್ಟೋ ಮೋಸಗಳ ರಚನೆ ಇದೇ. ಕಣ್ಣ ಮುಂದೆ ತೋರಿಸಿದ್ದು ನಿಜ. ಅದಕ್ಕೆ ಹೇಳಿದ ಅರ್ಥ ಸುಳ್ಳು. ನಾವು ನಮ್ಮ ಕಣ್ಣನ್ನು ನಂಬುತ್ತೇವೆ, ಜೊತೆಗೆ ಆ ಅರ್ಥವನ್ನೂ ನಂಬಿಬಿಡುತ್ತೇವೆ.

ಸಾಕೆಟ್‌ಗೆ ಸಿಕ್ಕಿಸಿದರೆ ಕರೆಂಟ್ ಬಿಲ್ ಅರ್ಧಕ್ಕೆ ಇಳಿಯುತ್ತದೆ ಎಂದು ಮಾರುವ ಡಬ್ಬಿಯನ್ನು ನೋಡಿ. ಬಿಚ್ಚಿದರೆ ಒಳಗೆ ಸಿಗುವುದು ಸಾಮಾನ್ಯವಾಗಿ ಒಂದು ಚಿಕ್ಕ ಕೆಪಾಸಿಟರ್, ಒಂದು ಎಲ್ಇಡಿ ದೀಪ. ಮಾರುವವನು ಒಂದು ಮೋಟರ್ ಓಡಿಸಿ, ತಂತಿಗೆ ಆಂಪಿಯರ್ ಅಳೆಯುವ ಮೀಟರ್ ಹಾಕಿ, ಡಬ್ಬಿ ಸಿಕ್ಕಿಸುತ್ತಾನೆ. ಆಂಪಿಯರ್ ಇಳಿಯುತ್ತದೆ. ನಿಜವಾಗಿಯೂ ಇಳಿಯುತ್ತದೆ. ಆದರೆ ಮನೆಗಳಿಗೆ ಬಿಲ್ ಬರುವುದು ಬಳಸಿದ ಯೂನಿಟ್ ಲೆಕ್ಕದಲ್ಲಿ, ಅಂದರೆ ಕಿಲೋವ್ಯಾಟ್ ಅವರ್‌ನಲ್ಲಿ. ಮೋಟರ್ ಮಾಡುವ ಕೆಲಸ ಅಷ್ಟೇ ಇದ್ದರೆ ಯೂನಿಟ್ ಅಷ್ಟೇ ಓಡುತ್ತದೆ. ಕೆಪಾಸಿಟರ್ ಸರಿಪಡಿಸುವುದು ಪವರ್ ಫ್ಯಾಕ್ಟರನ್ನು, ಅಂದರೆ ಎಳೆದ ಕರೆಂಟಿನಲ್ಲಿ ಎಷ್ಟು ಪಾಲು ನಿಜವಾದ ಕೆಲಸಕ್ಕೆ ಬರುತ್ತದೆ ಎನ್ನುವ ಅಳತೆಯನ್ನು. ಅದು ಕಡಿಮೆಯಾದರೆ ದೊಡ್ಡ ಕಾರ್ಖಾನೆಗಳು ದುಡ್ಡು ಕಟ್ಟುತ್ತವೆ, ಅವರಿಗೆ ಕೆಪಾಸಿಟರ್ ಉಪಯೋಗ. ಮನೆಯ ಬಿಲ್ಲಿಗೆ ಅದರಿಂದ ಉಳಿಯುವುದು ಏನೂ ಇಲ್ಲ.

ಗೋಡೆಯ ತೇವ ಅಳೆಯುವ ಮುಳ್ಳಿನ ಮೀಟರ್ ಕೂಡ ಹೀಗೇ. ಗೋಡೆಗೆ ಒತ್ತಿದ ಕೂಡಲೇ ಪೀಂ ಪೀಂ ಎನ್ನುತ್ತದೆ. ಮೂಲತಃ ಅದು ಮರದ ತೇವ ಅಳೆಯಲು ಹೊಂದಿಸಿದ ಉಪಕರಣ. ಗಾರೆಯಲ್ಲಿ ಉಪ್ಪಿನಂಶ ಇದ್ದರೂ ಸಾಕು, ಜಾಸ್ತಿ ತೇವ ಎಂದೇ ತೋರಿಸುತ್ತದೆ. ಆ ಸದ್ದನ್ನು ನಂಬಿ ಇಡೀ ಗೋಡೆಗೆ ರಾಸಾಯನಿಕ ತುಂಬಿಸಿದವರು ಎಷ್ಟೋ ಮಂದಿ. ಅಷ್ಟು ಖರ್ಚಿಗೆ ಇಳಿಯುವ ಮೊದಲು ಒಂದು ಪ್ಲಾಸ್ಟಿಕ್ ಹಾಳೆಯನ್ನು ತೇವದ ಜಾಗಕ್ಕೆ ಇಟ್ಟು, ನಾಲ್ಕೂ ಕಡೆ ಟೇಪ್ ಅಂಟಿಸಿ, ಒಂದೆರಡು ದಿನ ಬಿಡಿ. ಹನಿಗಳು ಹಾಳೆಯ ಹೊರಮೈ ಮೇಲೆ, ಅಂದರೆ ಕೋಣೆಯ ಕಡೆ ಕಂಡರೆ ತೇವ ಬರುತ್ತಿರುವುದು ಕೋಣೆಯ ಗಾಳಿಯಿಂದ. ಕಿಟಕಿ ತೆಗೆಯುವುದು, ಒಂದು ಎಕ್ಸಾಸ್ಟ್ ಫ್ಯಾನ್ ಹಾಕುವುದು ಸಾಕಾಗಬಹುದು. ಹನಿಗಳು ಗೋಡೆಯ ಕಡೆ ಇದ್ದರೆ ನೀರು ಗೋಡೆಯೊಳಗಿಂದ ಬರುತ್ತಿದೆ, ಪೈಪೋ ಚಾವಣಿಯೋ ಸೋರುತ್ತಿದೆಯಾ ಎಂದು ಹುಡುಕಬೇಕು. ಇದೇ ಕೊನೆಯ ತೀರ್ಪು ಅಂತಲ್ಲ. ಆದರೆ ಮುಂದಿನ ಪ್ರಶ್ನೆ ಯಾರಿಗೆ ಕೇಳಬೇಕು ಎನ್ನುವುದು ಇದರಿಂದ ಗೊತ್ತಾಗುತ್ತದೆ.

ಮೋಸ ಹೋದವರನ್ನು ಕಂಡರೆ "ಓದಿದವರೂ ಹೀಗೆ ಬೀಳ್ತಾರಲ್ಲ" ಎನ್ನುವ ಮಾತು ತಟ್ಟನೆ ಬರುತ್ತದೆ. ನನಗೆ ಆ ಮಾತು ಸರಿ ಅನ್ನಿಸುವುದಿಲ್ಲ. ಇಲ್ಲಿ ದಡ್ಡತನದ ಪ್ರಶ್ನೆಯೇ ಇಲ್ಲ. ಮನೆ ರಿಪೇರಿ ಎನ್ನುವ ವ್ಯವಹಾರವೇ ಹಾಗಿದೆ. 1973ರಲ್ಲಿ ಮೈಕೆಲ್ ಡಾರ್ಬಿ ಮತ್ತು ಎಡಿ ಕಾರ್ನಿ ಎಂಬ ಅರ್ಥಶಾಸ್ತ್ರಜ್ಞರು ಇಂಥ ಸೇವೆಗಳಿಗೆ ಒಂದು ಹೆಸರು ಕೊಟ್ಟರು: ನಂಬಿಕೆಯ ಮೇಲೆ ಕೊಳ್ಳುವ ಸರಕು. ಹಣ್ಣನ್ನು ಮುಟ್ಟಿ ನೋಡಿ ಕೊಳ್ಳಬಹುದು. ಹೋಟೆಲ್ ಊಟ ಹೇಗಿದೆ ಎಂದು ಉಂಡ ಮೇಲಾದರೂ ಗೊತ್ತಾಗುತ್ತದೆ. ಆದರೆ ಎಲೆಕ್ಟ್ರಿಷಿಯನ್ "ವೈರಿಂಗ್ ಪೂರ್ತಿ ಹೋಗಿದೆ, ಬದಲಾಯಿಸಬೇಕು" ಎಂದು ಬದಲಾಯಿಸಿ ಹೋದ ಮೇಲೂ, ಅದು ನಿಜವಾಗಿ ಹೋಗಿತ್ತಾ ಎಂದು ನಮಗೆ ಎಂದೂ ಗೊತ್ತಾಗುವುದಿಲ್ಲ. ದೀಪ ಉರಿಯುತ್ತಿದೆ, ಅಷ್ಟೇ ಕಾಣುವುದು. ರೋಗ ಏನು ಎಂದು ಹೇಳುವವನೂ ಅವನೇ, ಔಷಧಿ ಮಾರುವವನೂ ಅವನೇ. ಪ್ರಾಮಾಣಿಕ ಕೆಲಸಗಾರರಿಗೂ ಇದರಿಂದ ನಷ್ಟವೇ. ಅವರು ಸರಿಯಾದ ದರ ಹೇಳಿದರೂ ಜನ ಅನುಮಾನದಿಂದಲೇ ನೋಡುತ್ತಾರೆ.

ದೊಡ್ಡ ಕೆಲಸಕ್ಕೆ ಇದಕ್ಕೊಂದು ಸರಳ ಉಪಾಯ ಇದೆ. ಏನು ಹಾಳಾಗಿದೆ ಎಂದು ನೋಡಿ ಹೇಳುವವರು ಬೇರೆ, ಸರಿ ಮಾಡುವವರು ಬೇರೆ ಇರಲಿ. ನೋಡಿ ಹೇಳುವುದಕ್ಕೇ ಒಬ್ಬ ಎಂಜಿನಿಯರ್‌ಗೆ ಫೀಸು ಕೊಟ್ಟರೆ, ಕೆಲಸ ದೊಡ್ಡದು ಎಂದು ಹೇಳುವುದರಿಂದ ಅವರಿಗೆ ಬರುವ ಲಾಭ ಏನೂ ಇರುವುದಿಲ್ಲ. ಆ ಫೀಸು ದಂಡ ಅಂತ ಅನ್ನಿಸುತ್ತದೆ, ಆದರೆ ಇಡೀ ಕೆಲಸದಲ್ಲಿ ನಿಮ್ಮ ಪರವಾಗಿ ಖರ್ಚಾಗುವ ದುಡ್ಡು ಅದೊಂದೇ ಇರಬಹುದು.

ಈಗ ಅವಸರದ ವಿಷಯಕ್ಕೆ ಬರುತ್ತೇನೆ. ನನ್ನ ಪ್ರಕಾರ ಇಡೀ ವಿಷಯದ ಬೇರು ಇರುವುದು ಅಲ್ಲೇ.

ನಮ್ಮ ಮನೆಯಲ್ಲಿ ಒಂದು ರಾತ್ರಿ ಬಾತ್‌ರೂಮಿನ ಗೋಡೆಯೊಳಗಿನ ಪೈಪು ಬಿಟ್ಟುಕೊಂಡಿತು. ಹನ್ನೊಂದು ಗಂಟೆ ಇರಬೇಕು. ನೀರು ಹಾಲ್‌ವರೆಗೆ ಬಂತು. ಮೇನ್ ವಾಲ್ವ್ ಎಲ್ಲಿದೆ ಎಂದು ಹುಡುಕುವುದಕ್ಕೇ ಕಾಲು ಗಂಟೆ ಹಿಡಿಯಿತು. ಸಿಕ್ಕಿದ ಮೇಲೆ ತಿರುಗಲಿಲ್ಲ, ವರ್ಷಗಟ್ಟಲೆ ಯಾರೂ ಮುಟ್ಟದೆ ಬಿಗಿದುಕೊಂಡಿತ್ತು. ಫೋನಿನಲ್ಲಿ ಮೊದಲು ಕಂಡ ನಂಬರಿಗೆ ಕರೆ ಮಾಡಿದೆ. ಬಂದವರು ಅರ್ಧ ಗೋಡೆ ಒಡೆದರು, ಪೂರ್ತಿ ಲೈನ್ ಬದಲಾಯಿಸಬೇಕು ಎಂದರು. ದರ ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಹೂಂ ಎಂದೆ. ಎಷ್ಟೋ ದಿನ ಆದ ಮೇಲೆ, ಬೇರೆ ಕೆಲಸಕ್ಕೆ ಬಂದ ಪ್ಲಂಬರ್ ಮೂಲೆಯಲ್ಲಿ ಬಿದ್ದಿದ್ದ ಹಳೆ ಪೈಪಿನ ತುಂಡುಗಳನ್ನು ತಿರುಗಿಸಿ ನೋಡಿದರು. "ಒಂದು ಜಾಯಿಂಟ್ ಹೋಗಿತ್ತು ಅಷ್ಟೇ ಸರ್, ಪೈಪ್ ಎಲ್ಲ ಚೆನ್ನಾಗೇ ಇದೆಯಲ್ಲ" ಎಂದರು.

ಆ ರಾತ್ರಿ ನಾನು ಕೊಟ್ಟ ಹೆಚ್ಚಿನ ದುಡ್ಡು ಮೋಸವಾ, ಅನಿರೀಕ್ಷಿತ ಖರ್ಚಾ? ಬಿಡಿಸಿ ಹೇಳುವುದು ಕಷ್ಟ. ಎರಡನ್ನೂ ಬೇರೆ ಬೇರೆ ಎಂದು ನೋಡುವುದೇ ತಪ್ಪು ಎಂದು ನನಗೆ ಅನ್ನಿಸಿದ್ದು ಆವಾಗ. ವಾಲ್ವ್ ತಿರುಗಿದ್ದರೆ ನೀರು ನಿಲ್ಲುತ್ತಿತ್ತು. ನೀರು ನಿಂತಿದ್ದರೆ ಬೆಳಗಿನವರೆಗೆ ಕಾಯಬಹುದಿತ್ತು. ಬೆಳಗಾಗಿದ್ದರೆ ಇನ್ನೊಬ್ಬರನ್ನು ಕೇಳಬಹುದಿತ್ತು. ಮೋಸ ಮಾಡುವವನಿಗೆ ಬಂಡವಾಳ ನಮ್ಮ ಗಾಬರಿ. ಅದನ್ನು ಅವನು ಕೆಲವು ಸಲ ತಾನೇ ಹುಟ್ಟಿಸುತ್ತಾನೆ, ಕೆಲವು ಸಲ ನಮ್ಮ ಮನೆಯೇ ಅವನಿಗೆ ಹುಟ್ಟಿಸಿ ಕೊಡುತ್ತದೆ.

ಅವನೇ ಹುಟ್ಟಿಸುವ ಗಾಬರಿ ನಿಮಗೆ ಗೊತ್ತಿರುವುದೇ. "ಬಿಲ್ ಅಪ್‌ಡೇಟ್ ಆಗಿಲ್ಲ, ಇವತ್ತು ರಾತ್ರಿ ಕರೆಂಟ್ ಕಟ್ ಆಗುತ್ತೆ, ಈ ನಂಬರಿಗೆ ಫೋನ್ ಮಾಡಿ" ಎನ್ನುವ ಮೆಸೇಜು. ಫೋನ್ ಮಾಡಿದರೆ ಒಂದು ಆ್ಯಪ್ ಹಾಕಿಕೊಳ್ಳಲು ಹೇಳುತ್ತಾರೆ. ಅದು ನಿಮ್ಮ ಫೋನಿನ ಪರದೆಯನ್ನು ಅವರಿಗೆ ತೋರಿಸುವ ಆ್ಯಪ್. ಆಮೇಲೆ ನೀವು ಒತ್ತುವ ಪ್ರತಿಯೊಂದೂ ಅವರಿಗೆ ಕಾಣುತ್ತದೆ. ಬಿರುಗಾಳಿ, ಆಲಿಕಲ್ಲು ಮಳೆ ಆದ ಮಾರನೇ ದಿನ ಬಾಗಿಲು ತಟ್ಟಿ "ನಿಮ್ಮ ಚಾವಣಿ ಬಿರುಕು ಬಿಟ್ಟಿದೆ, ಕೆಳಗಿಂದಲೇ ಕಾಣ್ತಿದೆ" ಎನ್ನುವವರದ್ದೂ ಅದೇ ಜಾತಿ. ಪಕ್ಕದ ಬೀದಿಯ ಕೆಲಸದಲ್ಲಿ ಮಿಕ್ಕ ಸಾಮಾನು ಇದೆ, ಇವತ್ತೇ ಆದರೆ ಅರ್ಧ ದರ ಎನ್ನುತ್ತಾರೆ. ಚಾವಣಿ ಹತ್ತಿ ಅವರೇ ನಾಲ್ಕು ಹೆಂಚು ಸರಿಸಿ, ಫೋಟೋ ತೆಗೆದು ತಂದು ತೋರಿಸಿದ್ದೂ ಉಂಟು. ಕರೆಯದೆ ಬಂದವರನ್ನು ಚಾವಣಿ ಹತ್ತಿಸಬೇಡಿ. ಮೆಸೇಜಿನಲ್ಲಿರುವ ನಂಬರಿಗೆ ಫೋನ್ ಮಾಡಬೇಡಿ, ಹಳೇ ಬಿಲ್ಲಿನಲ್ಲಿ ಅಚ್ಚಾಗಿರುವ ನಂಬರಿಗೆ ಮಾಡಿ.

ಈ ಅವಸರವನ್ನು ಕಾನೂನುಗಳೂ ಗುರುತಿಸಿವೆ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್‌ನ ನಿಯಮದ ಪ್ರಕಾರ ಮನೆ ಬಾಗಿಲಲ್ಲಿ ಆದ ಬಹುತೇಕ ಮಾರಾಟಗಳನ್ನು 3 ಕೆಲಸದ ದಿನಗಳೊಳಗೆ ರದ್ದು ಮಾಡಬಹುದು. ಐರೋಪ್ಯ ಒಕ್ಕೂಟದಲ್ಲಿ ಇದು 14 ದಿನ. ಈ ಹಕ್ಕಿದೆ ಎಂದು ಮಾರುವವನು ತಿಳಿಸದೇ ಹೋದರೆ ಅವಧಿ ಇನ್ನೂ 12 ತಿಂಗಳು ಬೆಳೆಯುತ್ತದೆ. ಈ ನಿಯಮಗಳಲ್ಲಿ ನನಗೆ ಇಷ್ಟವಾಗುವ ಮಾತು ಒಂದಿದೆ: ಯಾಕೆ ಬೇಡ ಎಂದು ಕಾರಣ ಕೊಡಬೇಕಾಗಿಲ್ಲ. ಮನಸ್ಸು ಬದಲಾಯಿತು ಎಂದರೆ ಸಾಕು. ಆದರೆ ತುರ್ತು ರಿಪೇರಿಗೆಂದು ನೀವೇ ಕರೆಸಿದ್ದರೆ ಆ ರಿಪೇರಿಗೆ ಸಾಮಾನ್ಯವಾಗಿ ಈ ರಕ್ಷಣೆ ಸಿಗುವುದಿಲ್ಲ. ನನ್ನ ಪೈಪಿನ ರಾತ್ರಿಯನ್ನು ಯಾವ ನಿಯಮವೂ ಕಾಪಾಡುತ್ತಿರಲಿಲ್ಲ. ಇಂಥ ನಿಯಮ ಇಲ್ಲದ ಕಡೆಯೂ ಇದನ್ನು ನಮ್ಮ ಮನೆಯ ಮಟ್ಟಿಗೆ ನಾವೇ ಮಾಡಿಕೊಳ್ಳಬಹುದು. ನೀರು, ಬೆಂಕಿ, ಕರೆಂಟಿನ ಅಪಾಯ ಇಲ್ಲದ ಯಾವ ಕೆಲಸಕ್ಕೂ ಒಂದು ರಾತ್ರಿ ಕಳೆಯದೆ ಸಹಿ ಇಲ್ಲ. "ಮನೆಯಲ್ಲಿ ಕೇಳಿ ಹೇಳ್ತೀನಿ" ಎಂದರೆ ಮುಗಿಯಿತು. ಒಳ್ಳೆ ಕಂಟ್ರಾಕ್ಟರ್ ಆ ಮಾತಿಗೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಸಹಿಯ ವಿಷಯ ಬಂತಲ್ಲ, ಅದರಲ್ಲಿ ಇನ್ನೂ ಆಳದ ಒಂದು ಗುಂಡಿ ಇದೆ. ದುಡ್ಡು ಹೋದರೆ ಹೋಯಿತು ಎನ್ನಬಹುದು, ಆದರೆ ಕೆಲವು ಕಾಗದಗಳು ಮನೆಗೇ ಅಂಟಿಕೊಳ್ಳುತ್ತವೆ. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಮನೆ ಮನೆಗೆ ಬಂದು ವಾಟರ್ ಹೀಟರ್, ಚಳಿಗೆ ಮನೆ ಬಿಸಿ ಮಾಡುವ ಫರ್ನೇಸ್ ಬಾಡಿಗೆಗೆ ಕೊಡುತ್ತಿದ್ದರು. ತಿಂಗಳಿಗೆ ಸಣ್ಣ ಮೊತ್ತ. ಆದರೆ ಆ ಉಪಕರಣದ ಮೇಲಿನ ಹಕ್ಕನ್ನು ಕಂಪನಿಗಳು ಮನೆಯ ದಾಖಲೆಯಲ್ಲೇ ನೋಂದಾಯಿಸಿಬಿಡುತ್ತಿದ್ದವು. ಮನೆ ಮಾರಲು ಹೋದಾಗಲೋ, ಸಾಲ ಬದಲಾಯಿಸಲು ಹೋದಾಗಲೋ ಅದು ಹೊರಬರುತ್ತಿತ್ತು. ಬಿಡಿಸಿಕೊಳ್ಳಲು ಉಪಕರಣದ ಬೆಲೆಗಿಂತ ಎಷ್ಟೋ ಪಟ್ಟು ಜಾಸ್ತಿ ಕೇಳುತ್ತಿದ್ದರು. ವಯಸ್ಸಾದವರೇ ಇದಕ್ಕೆ ಹೆಚ್ಚು ಸಿಕ್ಕಿಬಿದ್ದರು. 2018ರ ಮಾರ್ಚ್‌ನಲ್ಲಿ ಆ ಪ್ರಾಂತ್ಯ ಇಂಥ ಉಪಕರಣಗಳನ್ನು ಕರೆಯದೆ ಮನೆ ಬಾಗಿಲಿಗೆ ಬಂದು ಮಾರುವುದನ್ನು ನಿಷೇಧಿಸಿತು. ಅಷ್ಟಕ್ಕೆ ನಿಲ್ಲಲಿಲ್ಲ. ಕೊನೆಗೆ 2024ರ ಜೂನ್‌ನಲ್ಲಿ ಆ ನೋಂದಣಿಗೇ ತಡೆ ಹಾಕುವ ಕಾನೂನು ತರಬೇಕಾಯಿತು. ಅಮೆರಿಕದಲ್ಲಿ ಕೈಗೆ ಸ್ವಲ್ಪ ದುಡ್ಡು ಕೊಟ್ಟು, ಮುಂದೆ 40 ವರ್ಷದೊಳಗೆ ಮನೆ ಮಾರುವುದಾದರೆ ನಮ್ಮ ಮೂಲಕವೇ ಮಾರಬೇಕು ಎಂದು ಬರೆಸಿಕೊಂಡ ಪ್ರಕರಣಗಳೂ ನಡೆದವು. ಹಲವು ರಾಜ್ಯಗಳು ಅದನ್ನು ತಡೆಯಲು ಕಾನೂನು ಮಾಡಿದವು.

ಹಾಗಾಗಿ 'ಫ್ರೀ', 'ಬಾಡಿಗೆ', 'ಕಂತು' ಎಂದು ಶುರುವಾಗುವ ಯಾವುದೇ ಒಪ್ಪಂದದಲ್ಲಿ ಮೊದಲು ಹುಡುಕಬೇಕಾದ್ದು ತಿಂಗಳ ಮೊತ್ತವನ್ನಲ್ಲ. ಎಷ್ಟು ವರ್ಷ, ಒಟ್ಟು ಎಷ್ಟು, ಮಧ್ಯದಲ್ಲಿ ಬಿಟ್ಟರೆ ಎಷ್ಟು, ವರ್ಷ ವರ್ಷ ಏರುತ್ತದಾ, ಮನೆ ಮಾರಿದರೆ ಏನಾಗುತ್ತದೆ. ಸೋಲಾರ್ ಫಲಕಗಳನ್ನು ಬಾಡಿಗೆಗೆ ಹಾಕಿಸುವವರು ಈ ಕೊನೆಯ ಪ್ರಶ್ನೆಯನ್ನು ಎರಡು ಸಲ ಕೇಳಲಿ. ಸೋಲಾರ್ ಒಳ್ಳೆಯದೇ. ಆದರೆ 20, 25 ವರ್ಷದ ಕಾಗದಕ್ಕೆ ಇಪ್ಪತ್ತು ನಿಮಿಷದಲ್ಲಿ ಸಹಿ ಹಾಕುವುದು ಒಳ್ಳೆಯದಲ್ಲ.

ಇನ್ನು ಮನೆಯೇ ಹುಟ್ಟಿಸುವ ಗಾಬರಿ. ಅನಿರೀಕ್ಷಿತ ಖರ್ಚು ಎನ್ನುತ್ತೇವೆ. ಆದರೆ ಅವುಗಳಲ್ಲಿ ಬಹಳಷ್ಟು ಯಾವ ದಿನ ಬರುತ್ತವೆ ಎನ್ನುವುದು ಮಾತ್ರ ಅನಿರೀಕ್ಷಿತ. ಬರುವುದು ಗ್ಯಾರಂಟಿ. ಟ್ಯಾಂಕ್ ಇರುವ ಗೀಸರಿನ ಆಯಸ್ಸು ಸಾಮಾನ್ಯವಾಗಿ 8ರಿಂದ 12 ವರ್ಷ. ಒಳಗೆ ಮೆಗ್ನೀಸಿಯಂನ ಒಂದು ಕಡ್ಡಿ ಇರುತ್ತದೆ. ಆನೋಡ್ ರಾಡ್ ಅಂತಾರೆ. ಟ್ಯಾಂಕಿನ ಉಕ್ಕಿಗೆ ಹಿಡಿಯಬೇಕಾದ ತುಕ್ಕನ್ನು ಅದು ತಾನು ಹಿಡಿಸಿಕೊಂಡು ಸವೆಯುತ್ತದೆ. ಅದು ಪೂರ್ತಿ ಸವೆದ ಮೇಲೆ ತುಕ್ಕು ಟ್ಯಾಂಕಿಗೆ ಇಳಿಯುತ್ತದೆ. ಆ ಕಡ್ಡಿಯನ್ನು ಕೆಲವು ವರ್ಷಕ್ಕೊಮ್ಮೆ ನೋಡಿ ಬದಲಾಯಿಸುವ ಖರ್ಚು ಹೊಸ ಗೀಸರಿನ ಬೆಲೆಯ ಮುಂದೆ ತೀರಾ ಸಣ್ಣದು. ಗೀಸರ್ ಇರುವ ಎಷ್ಟು ಮನೆಯವರಿಗೆ ಆ ಕಡ್ಡಿ ಇದೆ ಎನ್ನುವುದು ಗೊತ್ತು?

ತೊಟ್ಟಿಕ್ಕುವ ನಲ್ಲಿಯ ಲೆಕ್ಕ ನೋಡಿ. ಸೆಕೆಂಡಿಗೆ ಒಂದು ಹನಿ ಎಂದರೆ ದಿನಕ್ಕೆ 86,400 ಹನಿ. ಹನಿಯ ಗಾತ್ರ ನೋಡಿಕೊಂಡು ಅದು ದಿನಕ್ಕೆ 20, 30 ಲೀಟರ್ ಆಗುತ್ತದೆ. ಇದು ಕಣ್ಣಿಗೆ ಕಾಣುವ ಸೋರಿಕೆ. ಕಾಣದ್ದು ಫ್ಲಶ್ ಟ್ಯಾಂಕಿನದ್ದು. ಟ್ಯಾಂಕಿಗೆ ಅಡುಗೆ ಬಣ್ಣದ ಒಂದೆರಡು ಹನಿ ಹಾಕಿ ಕಾಲು ಗಂಟೆ ಫ್ಲಶ್ ಮಾಡದೆ ಬಿಡಿ. ಬಣ್ಣ ಕಮೋಡಿಗೆ ಇಳಿದಿದ್ದರೆ ರಬ್ಬರ್ ವಾಷರ್ ಹೋಗಿದೆ ಎಂದು ಅರ್ಥ. ನೀರಿನ ಮೀಟರ್ ಇರುವವರು ರಾತ್ರಿ ಮಲಗುವಾಗ ರೀಡಿಂಗ್ ಬರೆದಿಟ್ಟು, ಬೆಳಗ್ಗೆ ಯಾರೂ ನಲ್ಲಿ ತಿರುಗಿಸುವ ಮೊದಲು ಮತ್ತೆ ನೋಡಲಿ. ಅಂಕಿ ಬದಲಾಗಿದ್ದರೆ ಮನೆ ಎಲ್ಲೋ ಸೋರುತ್ತಿದೆ.

ಇದಕ್ಕೂ ವಿಮೆಗೂ ಸಂಬಂಧ ಇದೆ. ಮನೆ ವಿಮೆಗಳು ಸಾಮಾನ್ಯವಾಗಿ ದಿಢೀರ್ ಆದ ಹಾನಿಗೆ ದುಡ್ಡು ಕೊಡುತ್ತವೆ, ನಿಧಾನಕ್ಕೆ ಆದದ್ದಕ್ಕೆ ಕೊಡುವುದಿಲ್ಲ. ಪೈಪ್ ಒಡೆದು ನೀರು ನುಗ್ಗಿದರೆ ಕೊಡಬಹುದು. ಎರಡು ವರ್ಷ ಹನಿ ಹನಿಯಾಗಿ ಸೋರಿ ಮರ ಕೊಳೆತರೆ, ಸವೆತ ಅಥವಾ ನಿರ್ವಹಣೆಯ ಕೊರತೆ ಎಂದು ಬರೆದು ಕೈ ತೊಳೆದುಕೊಳ್ಳುತ್ತಾರೆ. ಇನ್ನೊಂದು ವಿಷಯ. ವಿಮೆ ಮಾಡಿಸಬೇಕಾದ್ದು ಮನೆ ಮತ್ತೆ ಕಟ್ಟುವ ಖರ್ಚಿಗೆ, ಜಾಗದ ಬೆಲೆಗಲ್ಲ. ಕಟ್ಟುವ ಖರ್ಚಿನ ಅರ್ಧಕ್ಕೆ ಮಾತ್ರ ವಿಮೆ ಇದ್ದರೆ, ಎಷ್ಟೋ ಪಾಲಿಸಿಗಳಲ್ಲಿ ಸಣ್ಣ ಹಾನಿಗೂ ಅರ್ಧವೇ ಸಿಗುತ್ತದೆ. ಹತ್ತು ವರ್ಷದ ಹಿಂದೆ ಹಾಕಿದ ಮೊತ್ತವನ್ನು ಹಾಗೇ ನವೀಕರಿಸುತ್ತಾ ಬಂದವರಿಗೆ ಈ ಪೆಟ್ಟು ಬೀಳುತ್ತದೆ.

ವರ್ಷಕ್ಕೆ ಮನೆ ಬೆಲೆಯ 1 ಪರ್ಸೆಂಟ್ ರಿಪೇರಿಗೆ ಎತ್ತಿಡಿ ಎನ್ನುವ ಸೂತ್ರ ಎಲ್ಲ ಕಡೆ ಓಡಾಡುತ್ತದೆ. ಏನೂ ಇಡದೇ ಇರುವುದಕ್ಕಿಂತ ಅದು ವಾಸಿ. ಆದರೆ ನನಗೆ ಅದರ ಮೇಲೆ ಅಷ್ಟು ನಂಬಿಕೆ ಇಲ್ಲ. ಮನೆ ಬೆಲೆಯಲ್ಲಿ ಬಹುಪಾಲು ಜಾಗದ ಬೆಲೆ ಆಗಿರುತ್ತದೆ. ಜಾಗದ ಬೆಲೆ ಏರಿತು ಎಂದು ಚಾವಣಿ ಬೇಗ ಸವೆಯುವುದಿಲ್ಲ. 5 ವರ್ಷದ ಮನೆಗೂ 40 ವರ್ಷದ ಮನೆಗೂ ಒಂದೇ ಸೂತ್ರ ಹೇಗೆ ಹೊಂದುತ್ತದೆ? ಅದರ ಬದಲು ಒಂದು ಹಾಳೆ ತೆಗೆದುಕೊಳ್ಳಿ. ಚಾವಣಿ, ವೈರಿಂಗ್, ಪಂಪ್, ಗೀಸರ್, ಫ್ರಿಜ್, ಹೊರಗಿನ ಬಣ್ಣ ಎಂದು ಬರೆಯಿರಿ. ಪಕ್ಕದಲ್ಲಿ ಪ್ರತಿಯೊಂದನ್ನೂ ಹಾಕಿಸಿದ ವರ್ಷ, ಇನ್ನೆಷ್ಟು ವರ್ಷ ಬಾಳಬಹುದು, ಇವತ್ತು ಬದಲಾಯಿಸಿದರೆ ಎಷ್ಟು. ಬೆಲೆಯನ್ನು ಉಳಿದ ತಿಂಗಳುಗಳಿಂದ ಭಾಗಿಸಿ. ಮೂರು ವರ್ಷ ಬಾಳುವ ಪಂಪಿಗೆ ಅದರ ಬೆಲೆಯ 36ನೇ ಒಂದು ಭಾಗ ತಿಂಗಳಿಗೆ. ಎಲ್ಲ ಕೂಡಿಸಿದರೆ ಬರುವ ಮೊತ್ತ ನೋಡಿ ಎದೆ ಧಸಕ್ ಎನ್ನಬಹುದು. ಪೂರ್ತಿ ಆಗದಿದ್ದರೆ ಮೂರನೇ ಒಂದು ಭಾಗವಾದರೂ ಬೇರೆ ಖಾತೆಯಲ್ಲಿ ಇಡಿ. ಆ ದುಡ್ಡು ಇದ್ದರೆ ರಿಪೇರಿಗೆ ಅಂಗಡಿಯವನು ಹೇಳಿದ ಬಡ್ಡಿಯ ಸಾಲ ಬೇಡ, ಮೊದಲು ಸಿಕ್ಕಿದ ಕೊಟೇಶನ್‌ಗೆ ಒಪ್ಪುವ ಅನಿವಾರ್ಯವೂ ಇಲ್ಲ.

ನವೀಕರಣ ಮಾಡಿಸುವಾಗ ನಾವು ನಮಗೇ ಸುಳ್ಳು ಅಂದಾಜು ಹೇಳಿಕೊಳ್ಳುತ್ತೇವೆ. ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವರ್ಸ್ಕಿ 1979ರಲ್ಲೇ ಇದರ ಬಗ್ಗೆ ಬರೆದರು: ಯೋಜನೆ ಹಾಕುವಾಗ ಮನುಷ್ಯರು ಎಲ್ಲವೂ ಸರಿಯಾಗಿ ನಡೆದಾಗಿನ ಚಿತ್ರವನ್ನೇ ಇಟ್ಟುಕೊಳ್ಳುತ್ತಾರೆ. 2002ರಲ್ಲಿ ಅಡುಗೆಮನೆ ನವೀಕರಿಸಿದ ಅಮೆರಿಕದ ಮನೆಯವರ ಸಮೀಕ್ಷೆಯಲ್ಲಿ ಸರಾಸರಿ ಅಂದಾಜು 18,658 ಡಾಲರ್ ಇತ್ತು, ಆದ ಖರ್ಚು 38,769. ಎರಡು ಪಟ್ಟಿಗೂ ಜಾಸ್ತಿ. ಇದೆಲ್ಲ ಮೋಸ ಅಲ್ಲ. ಗೋಡೆ ಒಡೆದ ಮೇಲೆ ಕಾಣುವ ಹಳೆ ಪೈಪು ಇದೆ, "ಹೇಗೂ ಮಾಡಿಸ್ತಿದ್ದೀವಿ, ಇದನ್ನೂ ಮಾಡಿಸಿಬಿಡೋಣ" ಎನ್ನುವ ನಮ್ಮ ಆಸೆಯೂ ಇದೆ. ಆದರೆ ಮೋಸ ಬಚ್ಚಿಟ್ಟುಕೊಳ್ಳುವುದೂ ಇಲ್ಲೇ. ಕಡಿಮೆ ಕೊಟೇಶನ್ ಕೊಟ್ಟು ಕೆಲಸ ಹಿಡಿಯುವುದು, ಅರ್ಧ ಒಡೆದ ಮೇಲೆ "ಎಕ್ಸ್‌ಟ್ರಾ" ಶುರು ಮಾಡುವುದು. ಒಡೆದ ಅಡುಗೆಮನೆ ಇಟ್ಟುಕೊಂಡು ಬೇರೆ ಕಂಟ್ರಾಕ್ಟರ್ ಹುಡುಕಲು ಯಾರಿಗೆ ಧೈರ್ಯ ಬರುತ್ತದೆ?

ಇಲ್ಲಿ ಕೈ ಮೇಲಾಗುವುದು ದುಡ್ಡು ಯಾರ ಹತ್ತಿರ ಇದೆ ಎನ್ನುವುದರ ಮೇಲೆ. ಕ್ಯಾಲಿಫೋರ್ನಿಯಾದಲ್ಲಿ ಮನೆ ನವೀಕರಣದ ಕಂಟ್ರಾಕ್ಟರ್ ಮುಂಗಡವಾಗಿ ಒಪ್ಪಂದದ 10 ಪರ್ಸೆಂಟ್ ಅಥವಾ 1,000 ಡಾಲರ್, ಇವೆರಡರಲ್ಲಿ ಯಾವುದು ಕಡಿಮೆಯೋ ಅದಕ್ಕಿಂತ ಜಾಸ್ತಿ ಕೇಳುವಂತಿಲ್ಲ. ಎಲ್ಲ ಕಡೆ ಅಷ್ಟು ಬಿಗಿ ನಡೆಯಲಿಕ್ಕಿಲ್ಲ, ಸಾಮಾನು ತರಲು ಅಡ್ವಾನ್ಸ್ ಬೇಕೇ ಬೇಕು ಎನ್ನುವ ಸಣ್ಣ ಮೇಸ್ತ್ರಿಯ ಕಷ್ಟವೂ ನಿಜ. ಆಗ ಸಾಮಾನನ್ನು ನೀವೇ ಕೊಂಡು ಕೊಡಿ, ಬಿಲ್ ನಿಮ್ಮ ಹೆಸರಿನಲ್ಲಿರಲಿ. ದಿನ ಲೆಕ್ಕಕ್ಕೆ ದುಡ್ಡು ಕೊಡುವ ಬದಲು ಮುಗಿದ ಹಂತಕ್ಕೆ ಕೊಡಿ. ಎಕ್ಸ್‌ಟ್ರಾ ಏನೇ ಬಂದರೂ ಕೆಲಸಕ್ಕೆ ಮೊದಲೇ ಒಂದು ವಾಟ್ಸಾಪ್ ಮೆಸೇಜಿನಲ್ಲಾದರೂ ಮೊತ್ತ ಬರೆದು "ಸರಿ" ಎನ್ನಿಸಿಕೊಳ್ಳಿ. ಗೋಡೆ ಮುಚ್ಚುವ ಮೊದಲು ಪಕ್ಕದಲ್ಲಿ ಅಳತೆ ಟೇಪ್ ಹಿಡಿದು ಪೈಪು, ವೈರುಗಳ ಫೋಟೋ ತೆಗೆಯಿರಿ. ಕೊನೆಯ ಕಂತನ್ನು ಎಲ್ಲ ನಲ್ಲಿ ತಿರುಗಿಸಿ, ಎಲ್ಲ ಸ್ವಿಚ್ ಒತ್ತಿ ನೋಡಿದ ಮೇಲೆ ಕೊಡಿ.

ದೊಡ್ಡ ಮೊತ್ತ ಕಳಿಸುವ ದಿನ ಬಂದಾಗ ಇನ್ನೊಂದು ಅಪಾಯ ಕಾದಿರುತ್ತದೆ. ಕಳ್ಳರು ವಕೀಲರ, ಬಿಲ್ಡರ್ ಅಥವಾ ಕಂಟ್ರಾಕ್ಟರ್‌ನ ಇಮೇಲಿಗೆ ನುಗ್ಗಿ, ವಾರಗಟ್ಟಲೆ ಪತ್ರಗಳನ್ನು ಓದುತ್ತಾ ಕೂತಿರುತ್ತಾರೆ. ಸರಿಯಾದ ದಿನ, ಸರಿಯಾದ ಮೊತ್ತ, ಅದೇ ಧಾಟಿಯಲ್ಲಿ ಒಂದು ಮೇಲ್ ಬರುತ್ತದೆ: ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಇದಕ್ಕೆ ಕಳಿಸಿ. ಇದನ್ನು ತಡೆಯಲು ಬ್ರಿಟನ್ನಿನ ದೊಡ್ಡ ಬ್ಯಾಂಕುಗಳು 2020ರಿಂದ ಖಾತೆ ನಂಬರಿನ ಜೊತೆ ಹೆಸರನ್ನೂ ಹೊಂದಿಸಿ ನೋಡುತ್ತಿವೆ. 2024ರ ಅಕ್ಟೋಬರ್ 7ರಿಂದ ಅಲ್ಲಿ, ಮೋಸಕ್ಕೆ ಬಿದ್ದು ಜನ ತಾವೇ ಕಳಿಸಿದ ಹಣವನ್ನು ಕೂಡ, 85,000 ಪೌಂಡ್‌ವರೆಗೆ, ಬ್ಯಾಂಕುಗಳು ಹೆಚ್ಚಿನ ಸಂದರ್ಭದಲ್ಲಿ ಹಿಂತಿರುಗಿಸಬೇಕು. ಕಳಿಸಿದ ಬ್ಯಾಂಕು, ಪಡೆದ ಬ್ಯಾಂಕು ಆ ಹೊರೆಯನ್ನು ಅರ್ಧ ಅರ್ಧ ಹಂಚಿಕೊಳ್ಳುತ್ತವೆ. ಕಳ್ಳನ ಖಾತೆ ತೆರೆಯಲು ಬಿಟ್ಟ ಬ್ಯಾಂಕಿಗೂ ಬಿಸಿ ತಟ್ಟಿದರೆ ಮಾತ್ರ ಅದು ಖಾತೆ ತೆರೆಯುವಾಗ ಎಚ್ಚರ ವಹಿಸುತ್ತದೆ. ಇದು ಎಲ್ಲ ದೇಶಗಳೂ ನೋಡಬೇಕಾದ ದಾರಿ ಎಂದೇ ನನ್ನ ಅಭಿಪ್ರಾಯ. ಎಲ್ಲ ಜವಾಬ್ದಾರಿಯನ್ನೂ "ಗ್ರಾಹಕರೇ ಹುಷಾರಾಗಿರಿ" ಎಂದು ನಮ್ಮ ತಲೆಗೆ ಕಟ್ಟುವುದು ನ್ಯಾಯವಲ್ಲ. ಅಲ್ಲಿಯವರೆಗೆ, ಖಾತೆ ಬದಲಾಗಿದೆ ಎನ್ನುವ ಮೇಲ್ ಬಂದರೆ ಹಳೆಯ ನಂಬರಿಗೆ ಫೋನ್ ಮಾಡಿ ಅವರ ದನಿ ಕೇಳಿದ ಮೇಲೆಯೇ ಹಣ ಕಳಿಸಿ.

ಮೋಸ ಆಗಿಹೋಗಿದ್ದರೆ ಮೊದಲ ಕೆಲವು ಗಂಟೆ ಬಹಳ ಮುಖ್ಯ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ಮೊದಲೇ ಬ್ಯಾಂಕಿಗೆ ಗೊತ್ತಾದರೆ ತಡೆಹಿಡಿಯುವ ಸಾಧ್ಯತೆ ಇರುತ್ತದೆ. ಆ ಗಂಟೆಗಳನ್ನು ತಿಂದುಹಾಕುವುದು ನಾಚಿಕೆ. ವಯಸ್ಸಾದವರು ಮಕ್ಕಳಿಗೆ ಹೇಳುವುದಿಲ್ಲ. ಗಂಡ ಹೆಂಡತಿಗೆ ಹೇಳುವುದಿಲ್ಲ. ಬೈಗುಳಕ್ಕಿಂತ ಹೆಚ್ಚಾಗಿ ಅವರು ಹೆದರುವುದು "ಇನ್ನು ದುಡ್ಡಿನ ವಿಷಯ ನಿಮಗೆ ಬೇಡ, ನಾವೇ ನೋಡ್ಕೋತೀವಿ" ಎನ್ನುವ ಮಾತಿಗೆ. ಆ ಮೌನದ ಮೇಲೇ ಎರಡನೇ ಮೋಸ ಬೆಳೆಯುತ್ತದೆ. ಒಮ್ಮೆ ಬಿದ್ದವರ ಹೆಸರು, ನಂಬರುಗಳ ಪಟ್ಟಿ ಕಳ್ಳರ ನಡುವೆ ಮಾರಾಟವಾಗುತ್ತದೆ. ಕೆಲವು ವಾರದ ನಂತರ ಒಂದು ಫೋನ್ ಬರುತ್ತದೆ. ಅಧಿಕಾರಿಯದೋ, ವಕೀಲರದೋ ಗಂಭೀರ ದನಿ. ನಿಮ್ಮ ಹಣ ಪತ್ತೆಯಾಗಿದೆ, ಬಿಡಿಸಲು ಇಷ್ಟು ಶುಲ್ಕ ಕಟ್ಟಿ ಎನ್ನುತ್ತದೆ. ಕಳೆದುಹೋದ ಮೊತ್ತವನ್ನು ಪೈಸೆ ಸಮೇತ ಹೇಳುತ್ತದೆ. ಅದು ಗೊತ್ತಿರುವುದು ತನಗೆ, ಕದ್ದವನಿಗೆ ಮಾತ್ರ ಎಂದುಕೊಂಡಿದ್ದ ಅಪ್ಪನೋ ಅಮ್ಮನೋ ಆ ದನಿಯನ್ನು ನಂಬಿಬಿಡುತ್ತಾರೆ. ಮನೆಯಲ್ಲಿ ಇನ್ನೊಬ್ಬರಿಗೆ ವಿಷಯ ಗೊತ್ತಿದ್ದರೆ ಆ ಫೋನ್ ಅಲ್ಲಿಗೇ ನಿಲ್ಲುತ್ತದೆ.